ಏಳು ತಾಲೂಕು, ಹನ್ನೆರಡು ತಿಂಗಳು: ಅರೇ ಶೇಪ್ ತಪ್ಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಶನಿವಾರ ಸಂಜೆ ನಾವು ಕೆಲವರು ಸೇರಿ ಪೈಥಾನ್ ಪ್ರೋಗ್ರಾಮಿಂಗ್ ಮತ್ತು ಅದರಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿ ಹೇಳಿಕೊಡುತ್ತೇವೆ. ಸುರತ್ಕಲ್, ಮೂಡುಬಿದಿರೆ, ಮಣಿಪಾಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ, ಕೆಲಸದಲ್ಲಿ ಇರುವವರೂ ಬರುತ್ತಾರೆ. ಯಾರು ಬಂದರೂ ಕೊನೆಗೆ ಮಾತು ಬಂದು ನಿಲ್ಲುವುದು ಅರೇಯ (ಜೋಡಿಸಿಟ್ಟ ಸಂಖ್ಯೆಗಳ ಗುಂಪಿನ) ಶೇಪ್ ಹತ್ತಿರ. ಒಂದೇ ಉತ್ತರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದು ಅಳಿಸಿದ್ದೇನೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹೆಚ್ಚಿನ ಕಡೆ ಉದಾಹರಣೆ ಒಂದೇ: ಉಡುಪಿ ಜಿಲ್ಲೆಯ ಏಳು ತಾಲೂಕುಗಳ ತಿಂಗಳ ಮಳೆ. ಉಡುಪಿ, ಕುಂದಾಪುರ, ಕಾರ್ಕಳ, ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ. ತಾಲೂಕಿಗೊಂದು ಸಾಲು, ತಿಂಗಳಿಗೊಂದು ಕಾಲಮ್. ಅರೇಯ ಹೆಸರು ‘ಮಳೆ’, ಶೇಪ್ (7, 12). ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫಂಕ್ಷನ್ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ‘ಮಳೆ’ಯಂಥ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಟ್ಟರೂ ಪೈಥಾನ್ 3 ಒಪ್ಪುತ್ತದೆ.

ಶೇಪ್ ಅಂದರೆ ಎಂತ? ಒಂದೇ ಮಾತಿನಲ್ಲಿ ಹೇಳಿ.

ಪ್ರತಿ ದಿಕ್ಕಿನಲ್ಲಿ ಎಷ್ಟು ಸಂಖ್ಯೆ ಉಂಟು ಎಂಬ ಲೆಕ್ಕ. (7, 12) ಅಂದರೆ ಏಳು ಸಾಲು, ಸಾಲಿಗೆ ಹನ್ನೆರಡು ಸಂಖ್ಯೆ. ಒಟ್ಟು 84. ಆದರೆ ಏಳು ಅಂದರೆ ತಾಲೂಕು, ಹನ್ನೆರಡು ಅಂದರೆ ತಿಂಗಳು ಎಂಬುದು ನಂಪೈಗೆ ಗೊತ್ತಿಲ್ಲ. ಅದು ನಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಕೆಳಗೆ ಬರುವ ಬಹುಪಾಲು ತಪ್ಪುಗಳ ಬೇರು ಇಲ್ಲೇ ಉಂಟು.

(7,), (7, 1), (1, 7) ಮೂರೂ ಒಂದೇ ಅಲ್ವಾ? ಏಳೇ ಸಂಖ್ಯೆ ತಾನೆ?

ಸಂಖ್ಯೆ ಏಳೇ. ಆದರೆ ಮೂರೂ ಬೇರೆ. (7,) ಗೆ ಒಂದೇ ದಿಕ್ಕು. ಅದು ಸಾಲೂ ಅಲ್ಲ, ಕಾಲಮ್ಮೂ ಅಲ್ಲ, ಸುಮ್ನೆ ಏಳು ಸಂಖ್ಯೆಗಳ ಒಂದು ಸರ. (7, 1) ಅಂದರೆ ಏಳು ಸಾಲು, ಒಂದು ಕಾಲಮ್. (1, 7) ಅಂದರೆ ಒಂದು ಸಾಲು, ಏಳು ಕಾಲಮ್.

ಮ್ಯಾಟ್‌ಲ್ಯಾಬ್ ಕಲಿತು ಬಂದವರಿಗೆ ಇದು ಜಾಸ್ತಿ ಗೊಂದಲ. ಅಲ್ಲಿ ಪ್ರತಿಯೊಂದಕ್ಕೂ ಕಡಿಮೆ ಎಂದರೂ ಎರಡು ದಿಕ್ಕು ಇರುತ್ತದೆ. ನಂಪೈಯಲ್ಲಿ ಹಾಗಿಲ್ಲ. ಆದ್ದರಿಂದಲೇ (7,) ಅರೇಗೆ ‘.ಟಿ’ ಹಾಕಿ ಟ್ರಾನ್ಸ್‌ಪೋಸ್ (ಸಾಲು, ಕಾಲಮ್ ಅದಲುಬದಲು) ಮಾಡಿದರೆ ಏನೂ ಬದಲಾಗುವುದಿಲ್ಲ. ತಿರುಗಿಸಲು ಎರಡನೇ ದಿಕ್ಕೇ ಇಲ್ಲ. ಕಾಲಮ್ ಬೇಕಾದರೆ ‘ರೀಶೇಪ್(-1, 1)’ ಎಂದು ಬರೆಯಿರಿ. -1 ಎಂತಕ್ಕೆ ಎಂದು ಕೆಳಗೆ ಹೇಳಿದ್ದೇನೆ.

ಈ (7,) ನಮಗೆ ಗೊತ್ತಿಲ್ಲದೆ ಹುಟ್ಟುವ ಜಾಗವೂ ಉಂಟು. ‘ಮಳೆ[:, 0]’ ಎಂದು ಜನವರಿಯ ಕಾಲಮ್ (ನಂಪೈಯಲ್ಲಿ ಎಣಿಕೆ ಸೊನ್ನೆಯಿಂದ ಶುರು) ತೆಗೆದರೆ ಸಿಗುವುದು (7,). ಕಾಲಮ್ ಆಗಿಯೇ ಉಳಿಯಬೇಕಾದರೆ ‘ಮಳೆ[:, 0:1]’ ಎಂದು ಬರೆಯಬೇಕು. ಆಗ (7, 1) ಸಿಗುತ್ತದೆ. ಒಂದು ಕೋಲನ್‌ನ ವ್ಯತ್ಯಾಸ ಅಷ್ಟೆ.

ಸೊನ್ನೆ ತುಂಬಿದ ಅರೇ ಮಾಡಲು ‘ಝೀರೋಸ್(7, 12)’ ಎಂದರೆ ಎರರ್ ಯಾಕೆ?

ಶೇಪನ್ನು ಒಂದೇ ಗಂಟಾಗಿ ಕೊಡಬೇಕು: ‘ಝೀರೋಸ್((7, 12))’. ಒಂದೇ ಬ್ರಾಕೆಟ್ ಇದ್ದರೆ 12 ಅನ್ನು ನಂಪೈ ಡೇಟಾ ಟೈಪ್ ಎಂದುಕೊಳ್ಳುತ್ತದೆ. ‘ರ‍್ಯಾಂಡಮ್.ರ‍್ಯಾಂಡ್(7, 12)’ ಮಾತ್ರ ಬಿಡಿಬಿಡಿಯಾಗಿಯೇ ಕೇಳುತ್ತದೆ. ಇದಕ್ಕೆ ಒಂದೇ ನಿಯಮ ಇಲ್ಲ, ನೆನಪಿಟ್ಟುಕೊಳ್ಳುವುದೇ ದಾರಿ.

ಆಕ್ಸಿಸ್ 0 ಸಾಲಾ, ಕಾಲಮ್ಮಾ? ಪ್ರತಿ ಸಲ ಉಲ್ಟಾ ಆಗುತ್ತದೆ.

‘ಸಾಲಾ ಕಾಲಮ್ಮಾ’ ಎಂದು ಕೇಳುವುದನ್ನು ಬಿಟ್ಟುಬಿಡಿ. ‘ಯಾವುದು ಮಾಯವಾಗಬೇಕು’ ಎಂದು ಕೇಳಿಕೊಳ್ಳಿ. ಆಕ್ಸಿಸ್‌ಗೆ ಕೊಟ್ಟ ದಿಕ್ಕು ಉತ್ತರದಲ್ಲಿ ಇರುವುದಿಲ್ಲ. ಸರಾಸರಿ ತೆಗೆಯುವ ‘ಮಳೆ.ಮೀನ್(ಆಕ್ಸಿಸ್=0)’ ಎಂದರೆ ಸೊನ್ನೆಯ ಜಾಗದಲ್ಲಿದ್ದ 7 ಹೋಗುತ್ತದೆ, (12,) ಉಳಿಯುತ್ತದೆ. ಅಂದರೆ ಎಲ್ಲ ತಾಲೂಕು ಸೇರಿ ಪ್ರತಿ ತಿಂಗಳ ಸರಾಸರಿ. ಆಕ್ಸಿಸ್ 1 ಎಂದರೆ 12 ಹೋಗುತ್ತದೆ, (7,) ಉಳಿಯುತ್ತದೆ. ಅದು ಪ್ರತಿ ತಾಲೂಕಿನ ಸರಾಸರಿ. ಮೂರು, ನಾಲ್ಕು ದಿಕ್ಕು ಇರುವ ಅರೇಯಲ್ಲಿ ‘ಸಾಲು, ಕಾಲಮ್’ ಮಾತು ಕೈಕೊಡುತ್ತದೆ. ‘ಮಾಯವಾಗುವುದು’ ಎಂಬ ಮಾತು ಅಲ್ಲೂ ನಡೆಯುತ್ತದೆ.

‘ಆಪರೆಂಡ್ಸ್ ಕುಡ್ ನಾಟ್ ಬಿ ಬ್ರಾಡ್‌ಕಾಸ್ಟ್ ಟುಗೆದರ್ ವಿತ್ ಶೇಪ್ಸ್ (7,12) (7,)’ ಎಂದು ಬರುತ್ತದೆ, ಅಂದರೆ ಎರಡು ಶೇಪ್ ಹೊಂದುತ್ತಿಲ್ಲ. ಏನು ಮಾಡಬೇಕು?

ಪ್ರತಿ ತಾಲೂಕಿನ ಮಳೆಯಿಂದ ಆ ತಾಲೂಕಿನ ಸರಾಸರಿ ಕಳೆಯಲು ಹೊರಟಿದ್ದೀರಿ ಅಲ್ವಾ? ‘ಮಳೆ - ಮಳೆ.ಮೀನ್(ಆಕ್ಸಿಸ್=1)’.

ಬ್ರಾಡ್‌ಕಾಸ್ಟಿಂಗ್ (ಚಿಕ್ಕ ಅರೇಯನ್ನು ದೊಡ್ಡದರ ಶೇಪಿಗೆ ಹಿಗ್ಗಿಸಿ ಲೆಕ್ಕ ಮಾಡುವುದು) ನಿಯಮ ಚಿಕ್ಕದು. ಎರಡು ಶೇಪ್‌ಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಕೂಡುವ ಲೆಕ್ಕದಲ್ಲಿ ಬಿಡಿಯ ಕೆಳಗೆ ಬಿಡಿ ಬರೆಯುವ ಹಾಗೆ ಬಲಗಡೆಗೆ ಹೊಂದಿಸಿ ಬರೆಯಬೇಕು. ಬಲದಿಂದ ಎಡಕ್ಕೆ ಒಂದೊಂದೇ ಜೋಡಿ ನೋಡುತ್ತಾ ಹೋಗಿ. ಎರಡೂ ಸಮ ಇರಬೇಕು, ಇಲ್ಲವೇ ಒಂದು ಕಡೆ 1 ಇರಬೇಕು. ಎಡಗಡೆ ಖಾಲಿ ಇದ್ದರೆ ಅಲ್ಲಿ 1 ಉಂಟು ಎಂದು ತಿಳಿಯಿರಿ.

ಇಲ್ಲಿ 12ರ ಕೆಳಗೆ 7 ಬಂತು. ಸಮ ಅಲ್ಲ, 1 ಕೂಡ ಅಲ್ಲ. ಅದಕ್ಕೇ ಎರರ್. ಸರಾಸರಿ ತೆಗೆಯುವಾಗಲೇ ‘ಕೀಪ್‌ಡಿಮ್ಸ್=ಟ್ರೂ’ ಕೊಡಿ. ಆಗ ಮಾಯವಾಗುವ ದಿಕ್ಕಿನ ಜಾಗದಲ್ಲಿ 1 ಉಳಿದು ಶೇಪ್ (7, 1) ಆಗುತ್ತದೆ. 12ರ ಕೆಳಗೆ 1, 7ರ ಕೆಳಗೆ 7. ಸರಿಹೋಯಿತು.

ಈ ಎರರ್ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ತಪ್ಪಾಗಿದೆ ಎಂದು ಅದು ಆಗಲೇ ಹೇಳಿಬಿಡುತ್ತದೆ.

ಎರರ್ ಬರಲಿಲ್ಲ, ಉತ್ತರ ಮಾತ್ರ ವಿಚಿತ್ರವಾಗಿದೆ. ಹೀಗೂ ಆಗುತ್ತದಾ?

ಆಗುತ್ತದೆ. ನಾನು ಹೆದರುವುದು ಇದಕ್ಕೇ. ಸ್ವಂತ ಅನುಭವ ಹೇಳುತ್ತೇನೆ.

ಒಂದು ಜುಲೈಯಲ್ಲಿ ಇದೇ ಏಳು ತಾಲೂಕುಗಳ ಒಂದು ವಾರದ ಮಳೆ ನನ್ನ ಕೈಯಲ್ಲಿತ್ತು. ಯಾವ ದಿನ ಯಾವ ತಾಲೂಕಿನಲ್ಲಿ ವಾಡಿಕೆಗಿಂತ ಜಾಸ್ತಿ ಸುರಿಯಿತು ಎಂದು ನೋಡಬೇಕಿತ್ತು. ಪ್ರತಿ ತಾಲೂಕಿನ ವಾರದ ಸರಾಸರಿಯನ್ನು ಅದರದೇ ಸಾಲಿನಿಂದ ಕಳೆಯುವ ಕೆಲಸ. ಮೇಲೆ ಹೇಳಿದ ಅದೇ ಸಾಲು ಬರೆದೆ, ಕೀಪ್‌ಡಿಮ್ಸ್ ಹಾಕಲಿಲ್ಲ. ಎರರ್ ಬರಲಿಲ್ಲ. ಚಿತ್ರ ಬಿಡಿಸಿ ಕಳಿಸಿದೆ. ಎರಡು ದಿನ ಎಲ್ಲರೂ ಅದನ್ನು ನೋಡಿದರು.

ಕೊನೆಗೆ ಹೆಬ್ರಿಯವರೇ ಆದ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಕೇಳಿದರು: “ನಮ್ಮ ಊರಿನ ಸಾಲಿನಲ್ಲಿ ಏಳೂ ದಿನ ಸರಾಸರಿಗಿಂತ ಜಾಸ್ತಿ ತೋರಿಸ್ತಾ ಉಂಟಲ್ಲ, ಅದು ಹೇಗೆ ಆಗ್ತದೆ?” ಆಗಲು ಸಾಧ್ಯವೇ ಇಲ್ಲ. ಏಳು ದಿನಗಳ ಸರಾಸರಿಗಿಂತ ಆ ಏಳೂ ದಿನ ಜಾಸ್ತಿ ಇರಲಾರದು.

ನಡೆದದ್ದು ಇಷ್ಟು. ಏಳು ತಾಲೂಕು, ಏಳು ದಿನ. ಶೇಪ್ (7, 7). ಸರಾಸರಿಯ ಶೇಪ್ (7,). ಬಲಗಡೆಗೆ ಹೊಂದಿಸಿದರೆ 7ರ ಕೆಳಗೆ 7, ನಂಪೈಗೆ ಎಲ್ಲವೂ ಸರಿ. ಆದರೆ ಬಲಗಡೆಯ ಏಳು ದಿನಗಳದ್ದು, ನನ್ನ ಸರಾಸರಿಯ ಏಳು ತಾಲೂಕುಗಳದ್ದು. ಮೊದಲ ದಿನದ ಇಡೀ ಕಾಲಮ್‌ನಿಂದ ಉಡುಪಿಯ ಸರಾಸರಿ ಕಳೆದುಹೋಗಿತ್ತು, ಎರಡನೇ ದಿನದಿಂದ ಕುಂದಾಪುರದ್ದು. ಘಟ್ಟದ ಬುಡದ ಹೆಬ್ರಿಗೆ ಕಡಲ ಬದಿಗಿಂತ ಮಳೆ ಜಾಸ್ತಿ. ಬೇರೆ ಊರಿನ ಚಿಕ್ಕ ಸರಾಸರಿ ಕಳೆದಾಗ ಅಲ್ಲಿ ಎಲ್ಲವೂ ಜಾಸ್ತಿಯಾಗಿಯೇ ಕಂಡಿತು.

ಅವತ್ತಿನಿಂದ ಎರಡು ವಿಷಯ ಬಿಟ್ಟಿಲ್ಲ. ಕೋಡ್ ಪರೀಕ್ಷೆ ಮಾಡುವಾಗ ಯಾವ ಎರಡು ದಿಕ್ಕೂ ಸಮ ಇರದ ಹಾಗೆ ನೋಡಿಕೊಳ್ಳುತ್ತೇನೆ. ಏಳು ತಾಲೂಕು ಇದ್ದರೆ ಐದೇ ದಿನ ಕೊಡುತ್ತೇನೆ. ಆಗ ತಪ್ಪು ಅಡಗಿಕೊಳ್ಳುವುದಿಲ್ಲ, ಎರರ್ ಆಗಿ ಹೊರಗೆ ಬರುತ್ತದೆ. ಎರಡನೆಯದು, ಲೆಕ್ಕ ಮುಗಿದ ಮೇಲೆ ಗೊತ್ತಿರುವ ಒಂದು ಸತ್ಯದ ಜೊತೆ ಹೋಲಿಸುತ್ತೇನೆ. ಸರಾಸರಿ ಕಳೆದ ಮೇಲೆ ಪ್ರತಿ ಸಾಲಿನ ಸರಾಸರಿ ಸೊನ್ನೆ ಆಗಬೇಕು. ತಿಂಗಳ ಮಳೆಯಾದರೆ ಜುಲೈ ದೊಡ್ಡದಿರಬೇಕು, ಜನವರಿ ಹೆಚ್ಚುಕಡಿಮೆ ಖಾಲಿ ಇರಬೇಕು. ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಡೇಟಾದಿಂದ ಕಲಿತ ಮಾಡೆಲ್ ಚೆನ್ನಾಗಿ ಊಹಿಸುತ್ತಿದೆ, ಆದರೆ ಊಹೆಯ ತಪ್ಪಿನ ಲೆಕ್ಕ ತುಂಬಾ ದೊಡ್ಡದು ಬರುತ್ತದೆ. ಯಾಕೆ?

ಇದೂ ಅದೇ ಜಾತಿಯ ತಪ್ಪು. ನಿಜವಾದ ಉತ್ತರದ ಶೇಪ್ (100,) ಇರುತ್ತದೆ, ಮಾಡೆಲ್ ಕೊಟ್ಟದ್ದು (100, 1) ಇರುತ್ತದೆ. ಮಾಡೆಲ್ ಕಟ್ಟುವ ಲೈಬ್ರರಿ ಕೆರಾಸ್‌ನಲ್ಲಿ ಕೊನೆಯ ಲೇಯರ್ ‘ಡೆನ್ಸ್(1)’ ಇದ್ದರೆ ಹೀಗೇ ಬರುತ್ತದೆ. ಕೈಯಾರೆ ಒಂದರಿಂದ ಒಂದನ್ನು ಕಳೆದರೆ ನೂರು ವ್ಯತ್ಯಾಸ ಸಿಗುವುದಿಲ್ಲ, (100, 100) ಶೇಪಿನ ಹತ್ತು ಸಾವಿರ ವ್ಯತ್ಯಾಸ ಸಿಗುತ್ತದೆ. ಪ್ರತಿ ಉತ್ತರವನ್ನೂ ಪ್ರತಿ ಊಹೆಯ ಜೊತೆ ಹೋಲಿಸಿದ ಹಾಗೆ.

ಕಾಗದದ ಮೇಲೆ ಮಾಡಿ ನೋಡಿ. ಉತ್ತರ 1, 2, 3. ಊಹೆಯೂ 1, 2, 3. ತಪ್ಪು ಸೊನ್ನೆ ಇರಬೇಕು. ಆದರೆ 3×3 ಆಗಿ ಹರಡಿದರೆ ವ್ಯತ್ಯಾಸಗಳ ವರ್ಗಗಳ ಮೊತ್ತ 12, ಒಂಬತ್ತರಿಂದ ಭಾಗಿಸಿದರೆ 1.33. ಊಹೆ ನೂರಕ್ಕೆ ನೂರು ಸರಿ ಇದ್ದರೂ ಹೀಗೆ ಬರುವ ಸಂಖ್ಯೆ, ಉತ್ತರಗಳು ಎಷ್ಟು ಚದುರಿವೆ ಎಂದು ಹೇಳುವ ವೇರಿಯನ್ಸ್‌ನ ಎರಡರಷ್ಟು. ಮಾಡೆಲ್‌ನ ತಪ್ಪೇ ಇಲ್ಲ. ಎಷ್ಟೋ ಮಂದಿ ಮಾಡೆಲ್ ಬದಲಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ, ನೋಡಿದರೆ ಸಂಕಟ ಆಗುತ್ತದೆ. ಅಂಥದ್ದೇ ಇನ್ನೊಂದು ಮಾಡೆಲ್ ಲೈಬ್ರರಿ ಪೈಟಾರ್ಚ್‌ನ ಎಂಎಸ್‌ಇ ಲಾಸ್ (ತಪ್ಪಿನ ವರ್ಗಗಳ ಸರಾಸರಿ) ಶೇಪ್ ಬೇರೆ ಇದ್ದರೆ ಒಂದು ಎಚ್ಚರಿಕೆ ಬರೆಯುತ್ತದೆ, ಅದನ್ನು ಓದದೆ ದಾಟಬೇಡಿ.

ಡೇಟಾ ದೊಡ್ಡದಿದ್ದರೆ ಇದೇ ತಪ್ಪು ಮೆಮೊರಿ ನುಂಗುತ್ತದೆ. ಹತ್ತು ಸಾವಿರ ಸಾಲು ಇದ್ದರೆ ಹತ್ತು ಕೋಟಿ ಸಂಖ್ಯೆ, ಸಂಖ್ಯೆಗೆ 8 ಬೈಟ್ ಹಿಡಿಯುವ ಫ್ಲೋಟ್ 64ರಲ್ಲಿ 80 ಕೋಟಿ ಬೈಟ್. ಲ್ಯಾಪ್‌ಟಾಪ್ ಸುಮ್ನೆ ಸಿಕ್ಕಿಹಾಕಿಕೊಂಡರೆ ಮೊದಲು ಶೇಪ್ ಪ್ರಿಂಟ್ ಮಾಡಿ.

(7, 12) ಅನ್ನು (12, 7) ಮಾಡಬೇಕು. ರೀಶೇಪ್ ಸಾಕಲ್ವಾ?

ಸಾಲದು. ಟ್ರಾನ್ಸ್‌ಪೋಸ್ ಬೇಕು. ಮೊದಲ ಸಾಲು 1, 2, 3, ಎರಡನೇ ಸಾಲು 4, 5, 6 ಎಂದುಕೊಳ್ಳಿ. ಟ್ರಾನ್ಸ್‌ಪೋಸ್ ಮಾಡಿದರೆ ಸಾಲುಗಳು 1, 4 ಆಮೇಲೆ 2, 5 ಆಮೇಲೆ 3, 6. ಸಾಲು ಕಾಲಮ್ ಆಯಿತು, ಸರಿ. (3, 2)ಕ್ಕೆ ರೀಶೇಪ್ ಮಾಡಿದರೆ 1, 2 ಆಮೇಲೆ 3, 4 ಆಮೇಲೆ 5, 6. ರೀಶೇಪ್ ಸಂಖ್ಯೆಗಳ ಕ್ರಮವನ್ನು ಮುಟ್ಟುವುದೇ ಇಲ್ಲ. ಒಂದೇ ಸರವನ್ನು ಬೇರೆ ಕಡೆ ಕತ್ತರಿಸಿ ಜೋಡಿಸುತ್ತದೆ ಅಷ್ಟೆ. ಎರಡರಲ್ಲೂ ಕೊನೆಯ ಶೇಪ್ ಒಂದೇ. ಹಾಗಾಗಿ ಶೇಪ್ ಪ್ರಿಂಟ್ ಮಾಡಿದರೂ ಈ ತಪ್ಪು ಕಾಣುವುದಿಲ್ಲ. ಒಳಗಿನ ಒಂದೆರಡು ಸಂಖ್ಯೆ ನೋಡಲೇಬೇಕು.

ರೀಶೇಪ್‌ನಲ್ಲಿ -1 ಎಂತಕ್ಕೆ?

‘ಇದನ್ನು ನೀನೇ ಲೆಕ್ಕ ಹಾಕು’ ಎಂದು ನಂಪೈಗೆ ಹೇಳುವುದು. 84 ಸಂಖ್ಯೆ ಇದ್ದು ‘ರೀಶೇಪ್(-1, 12)’ ಎಂದರೆ 7 ಅನ್ನು ಅದೇ ತುಂಬಿಸುತ್ತದೆ. ಒಂದು ಕಡೆ ಮಾತ್ರ -1 ಹಾಕಬಹುದು. ನನ್ನ ಅಭಿಪ್ರಾಯ: ಸಂಖ್ಯೆ ಗೊತ್ತಿದ್ದರೆ ಸಂಖ್ಯೆಯನ್ನೇ ಬರೆಯಿರಿ. ಒಂದು ತಾಲೂಕಿನ ಡೇಟಾ ತಪ್ಪಿಹೋಗಿ 72 ಸಂಖ್ಯೆ ಬಂದರೆ -1 ಸದ್ದಿಲ್ಲದೆ 6 ಮಾಡಿಬಿಡುತ್ತದೆ. 7 ಎಂದು ಬರೆದಿದ್ದರೆ ಎರರ್ ಬರುತ್ತಿತ್ತು.

ಹವಾಮಾನ ಇಲಾಖೆಯ ಗ್ರಿಡ್ ಮಳೆ ಫೈಲ್ ಓದಿದೆ. ನಕ್ಷೆ ಓರೆಯಾಗಿ ಹರಿದ ಹಾಗೆ ಕಾಣುತ್ತದೆ.

ಪ್ರಾಜೆಕ್ಟ್ ಮಾಡುವವರು ಇದನ್ನು ತುಂಬಾ ಕೇಳುತ್ತಾರೆ. ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿಗೊಂದು ಬಿಂದು ಇರುವ ಗ್ರಿಡ್ 6.5ರಿಂದ 38.5 ಡಿಗ್ರಿ ಉತ್ತರ ಅಕ್ಷಾಂಶ, 66.5ರಿಂದ 100 ಡಿಗ್ರಿ ಪೂರ್ವ ರೇಖಾಂಶದವರೆಗೆ ಉಂಟು. ಅಂದರೆ 129 ಅಕ್ಷಾಂಶ, 135 ರೇಖಾಂಶ. ವರ್ಷದ ಬೈನರಿ ಫೈಲ್ ಓದಿದರೆ ಸಂಖ್ಯೆಗಳ ಒಂದು ಉದ್ದ ಸರ ಸಿಗುತ್ತದೆ. ಅದನ್ನು (365, 129, 135) ಮಾಡಬೇಕು. ದಿನ, ಅಕ್ಷಾಂಶ, ರೇಖಾಂಶ. ನೀವು (365, 135, 129) ಮಾಡಿದ್ದೀರಿ. ಗುಣಿಸಿದರೆ ಎರಡೂ ಒಂದೇ, ಹಾಗಾಗಿ ಎರರ್ ಇಲ್ಲ. ಆದರೆ ಸಾಲು ತುಂಡಾಗುವ ಜಾಗ ಆರಾರು ಸಂಖ್ಯೆ ಜಾರುತ್ತಾ ಹೋಗುತ್ತದೆ. ಅದಕ್ಕೇ ನಕ್ಷೆ ಓರೆ. 2024ರಂಥ ಅಧಿಕ ವರ್ಷದಲ್ಲಿ 366 ಹಾಕಲು ಮರೆಯಬೇಡಿ. ಅಲ್ಲಿ ಮರೆತರೆ ಎರರ್ ಬರುತ್ತದೆ, ಅದು ಒಳ್ಳೆಯದೇ.

ಶೇಪ್ ಸರಿಯಾದ ಮೇಲೂ ಇಂಡೆಕ್ಸ್ (ಸೊನ್ನೆಯಿಂದ ಎಣಿಸಿದ ಸ್ಥಾನ) ಅದಲುಬದಲು ಆಗುವುದುಂಟು. ಉಡುಪಿಗೆ ಹತ್ತಿರದ ಗ್ರಿಡ್ ಬಿಂದು 13.25 ಉತ್ತರ, 74.75 ಪೂರ್ವ. ದಕ್ಷಿಣದಿಂದ ಎಣಿಸಿದರೆ ಅಕ್ಷಾಂಶದ ಇಂಡೆಕ್ಸ್ 27, ರೇಖಾಂಶದ್ದು 33. ‘[ದಿನ, 27, 33]’ ಸರಿ. ‘[ದಿನ, 33, 27]’ ಎಂದು ಬರೆದರೆ 14.75 ಉತ್ತರ, 73.25 ಪೂರ್ವಕ್ಕೆ ಹೋಗುತ್ತೀರಿ. ಅದು ಕಾರವಾರದಿಂದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನೀರಿನ ಮೇಲೆ. ಅಲ್ಲಿ ಮಳೆಯ ಬದಲು -999 ಸಿಗುತ್ತದೆ, ಅಂದರೆ ಡೇಟಾ ಇಲ್ಲ. ವರ್ಷವಿಡೀ -999 ಕಂಡರೆ ಫೈಲ್ ಕೆಟ್ಟಿದೆ ಎಂದು ದೂರಬೇಡಿ, ಇಂಡೆಕ್ಸ್ ನೋಡಿ.

ದಿನದ ಮಳೆಯನ್ನು ತಿಂಗಳ ಪ್ರಕಾರ ಲಿಸ್ಟ್ ಮಾಡಿ ಅರೇ ಮಾಡಿದರೆ ‘ಇನ್‌ಹೋಮೋಜೀನಿಯಸ್ ಶೇಪ್’ ಎಂದು ಬೈಯುತ್ತದೆ.

ಜನವರಿಗೆ 31 ದಿನ, ಫೆಬ್ರವರಿಗೆ 28, ಏಪ್ರಿಲ್‌ಗೆ 30. ಸಾಲುಗಳ ಉದ್ದ ಸಮ ಇಲ್ಲದಿದ್ದರೆ ಅದಕ್ಕೆ ಒಂದು ಶೇಪ್ ಇರಲು ಆಗುವುದಿಲ್ಲ. ಹಳೆಯ ನಂಪೈ ಇದನ್ನು ‘ಆಬ್ಜೆಕ್ಟ್’ ಟೈಪಿನ ಅರೇ ಮಾಡಿ ಸುಮ್ಮನಾಗುತ್ತಿತ್ತು, ತೊಂದರೆ ಆಮೇಲೆ ಎಲ್ಲೋ ಕಾಣುತ್ತಿತ್ತು. 2022ರ ಕೊನೆಗೆ ಬಂದ 1.24ರಿಂದ ನೇರವಾಗಿ ಎರರ್ ಕೊಡುತ್ತದೆ. ಒಳ್ಳೆಯ ಬದಲಾವಣೆ. ಪ್ರತಿ ತಿಂಗಳಿಗೂ 31 ಜಾಗ ಇಟ್ಟು, ಇಲ್ಲದ ದಿನಕ್ಕೆ ‘ನ್ಯಾನ್’ (ಸಂಖ್ಯೆ ಇಲ್ಲ ಎಂಬ ಗುರುತು) ತುಂಬಿಸಿ (12, 31) ಮಾಡಿ, ಸರಾಸರಿಗೆ ‘ನ್ಯಾನ್‌ಮೀನ್’ ಬಳಸಿ. ಸೊನ್ನೆ ತುಂಬಿಸಬೇಡಿ. ಸೊನ್ನೆ ಅಂದರೆ ಮಳೆ ಬಾರದ ದಿನ, ಇಲ್ಲದ ದಿನ ಅಲ್ಲ.

ಏಳು ತಾಲೂಕುಗಳ ಏಳು ಅರೇ ಬೇರೆ ಬೇರೆ ಇವೆ. ಸೇರಿಸುವುದು ಹೇಗೆ?

ಒಂದೊಂದೂ (12,) ಆದರೆ ‘ಸ್ಟ್ಯಾಕ್’ ಬಳಸಿ, (7, 12) ಸಿಗುತ್ತದೆ. ‘ಕಾನ್‌ಕ್ಯಾಟನೇಟ್’ ಬಳಸಿದರೆ ಎಲ್ಲ ಒಂದರ ಹಿಂದೆ ಒಂದು ಅಂಟಿ (84,) ಆಗುತ್ತದೆ. ಸ್ಟ್ಯಾಕ್ ಹೊಸ ದಿಕ್ಕು ಹುಟ್ಟಿಸುತ್ತದೆ, ಕಾನ್‌ಕ್ಯಾಟನೇಟ್ ಇರುವ ದಿಕ್ಕನ್ನೇ ಉದ್ದ ಮಾಡುತ್ತದೆ. ‘ಅಪೆಂಡ್’ಗೆ ಆಕ್ಸಿಸ್ ಕೊಡದಿದ್ದರೆ ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ.

ನಕ್ಷತ್ರ ಚಿಹ್ನೆಯಿಂದ ಗುಣಿಸುವುದಕ್ಕೂ ‘@’ ಚಿಹ್ನೆಗೂ ಏನು ವ್ಯತ್ಯಾಸ?

ಮಲ್ಪೆ ಬಂದರಿನ ಲೆಕ್ಕ ತೆಗೆದುಕೊಳ್ಳೋಣ. ಐದು ದಿನ, ನಾಲ್ಕು ಬಗೆಯ ಮೀನು: ಬಂಗುಡೆ, ಬೂತಾಯಿ, ಅಂಜಲ್, ಕಾಣೆ. ಎಷ್ಟು ಕಿಲೋ ಎಂಬ ಅರೇ (5, 4). ಕಿಲೋಗೆ ಎಷ್ಟು ರೂಪಾಯಿ ಎಂಬುದು (4,). ‘ಕಿಲೋ * ದರ’ ಎಂದರೆ ಪ್ರತಿ ದಿನ, ಪ್ರತಿ ಮೀನಿನ ದುಡ್ಡು, (5, 4). ‘ಕಿಲೋ @ ದರ’ ಎಂದರೆ ಗುಣಿಸಿ ಕೂಡಿಸಿದ ದಿನದ ಒಟ್ಟು ದುಡ್ಡು, (5,). @ ಹಾಕುವಾಗ ಎಡಗಡೆಯ ಕೊನೆಯ ಸಂಖ್ಯೆ ಬಲಗಡೆಯ ದರಗಳ ಸಂಖ್ಯೆಗೆ ಸಮ ಇರಬೇಕು. ಆ ದಿಕ್ಕೇ ಮಾಯವಾಗುವುದು. ಈ ಚಿಹ್ನೆ ಪೈಥಾನ್‌ಗೆ ಬಂದದ್ದು 2015ರಲ್ಲಿ, 3.5ನೇ ಆವೃತ್ತಿಯಲ್ಲಿ. ಅದಕ್ಕೂ ಹಳೆಯ ಕೋಡಿನಲ್ಲಿ ‘ಡಾಟ್’ ಕಾಣುತ್ತೀರಿ.

ಸೈಕಿಟ್-ಲರ್ನ್ ‘ಎಕ್ಸ್‌ಪೆಕ್ಟೆಡ್ 2ಡಿ ಅರೇ, ಗಾಟ್ 1ಡಿ ಅರೇ ಇನ್‌ಸ್ಟೆಡ್’ ಎನ್ನುತ್ತದೆ.

ಮಾಡೆಲ್ ಕಲಿಸುವ ಆ ಲೈಬ್ರರಿಗೆ ಕೊಡುವ ಇನ್‌ಪುಟ್‌ಗೆ (ಸ್ಯಾಂಪಲ್, ಫೀಚರ್) ಎಂಬ ಎರಡು ದಿಕ್ಕು ಬೇಕು: ಎಷ್ಟು ಉದಾಹರಣೆ, ಒಂದೊಂದಕ್ಕೂ ಎಷ್ಟು ಅಳತೆ. ಒಂದೇ ಫೀಚರ್ ಇದ್ದರೆ ‘ರೀಶೇಪ್(-1, 1)’. ಒಂದೇ ಸ್ಯಾಂಪಲ್ ಇದ್ದರೆ ‘ರೀಶೇಪ್(1, -1)’. ಕೋಷ್ಟಕಗಳ ಲೈಬ್ರರಿ ಪಾಂಡಾಸ್‌ನಿಂದ ಬರುವುದಾದರೆ ಒಂದು ಬ್ರಾಕೆಟ್‌ನಲ್ಲಿ ಕಾಲಮ್ ಹೆಸರು ಕೊಟ್ಟರೆ ಒಂದು ದಿಕ್ಕು, ಎರಡು ಬ್ರಾಕೆಟ್‌ನಲ್ಲಿ ಕೊಟ್ಟರೆ ಎರಡು.

ಫೋಟೋಗಳಲ್ಲಿ ಅಗಲ ಮೊದಲಾ, ಎತ್ತರ ಮೊದಲಾ?

ಮೊಬೈಲಿನಲ್ಲಿ ತೆಗೆದ ಅಡಿಕೆಯ ಫೋಟೋ ಅಗಲ 4000, ಎತ್ತರ 3000 ಎಂದುಕೊಳ್ಳಿ. ಅರೇ ಆದಾಗ ಶೇಪ್ (3000, 4000, 3). ಎತ್ತರ ಮೊದಲು, ಕೊನೆಯ 3 ಬಣ್ಣದ್ದು. ಆದರೆ ಫೋಟೋ ಲೈಬ್ರರಿ ಪಿಲ್ಲೋದ ‘ಸೈಝ್’ ಅಗಲವನ್ನು ಮೊದಲು ಹೇಳುತ್ತದೆ. ಓಪನ್‌ಸಿವಿಯ ‘ರೀಸೈಝ್’ ಕೂಡ ಅಗಲವನ್ನೇ ಮೊದಲು ಕೇಳುತ್ತದೆ. ಚೌಕದ ಫೋಟೋದಲ್ಲಿ ಪರೀಕ್ಷೆ ಮಾಡಿದರೆ ತಪ್ಪು ಗೊತ್ತೇ ಆಗುವುದಿಲ್ಲ, ನನ್ನ (7, 7) ಕಥೆಯ ಹಾಗೆ.

ಬಣ್ಣದ ಆ 3 ಎಲ್ಲಿರಬೇಕು ಎಂಬುದೂ ಬೇರೆ ಬೇರೆ. ಪೈಟಾರ್ಚ್‌ಗೆ ಬಣ್ಣ ಮೊದಲು, ಆಮೇಲೆ ಎತ್ತರ, ಅಗಲ. ಟೆನ್ಸರ್‌ಫ್ಲೋ ಸಾಮಾನ್ಯವಾಗಿ ಬಣ್ಣವನ್ನು ಕೊನೆಗೆ ಇಡುತ್ತದೆ. ಬದಲಿಸುವಾಗ ‘ಟ್ರಾನ್ಸ್‌ಪೋಸ್(2, 0, 1)’ ಬಳಸಿ. ರೀಶೇಪ್ ಮಾಡಿದರೆ ಬಣ್ಣಗಳೆಲ್ಲ ಕಲಸಿಹೋಗುತ್ತವೆ, ಮಾಡೆಲ್ ಆ ಕಲಸಿದ್ದನ್ನೇ ಕಲಿಯಲು ಹೆಣಗುತ್ತದೆ.

ಮಾಡೆಲ್ ಟ್ರೈನಿಂಗ್ ಚೆನ್ನಾಗಿ ನಡೆದು ಕೊನೆಯ ಬ್ಯಾಚ್‌ನಲ್ಲಿ ಮಾತ್ರ ನಿಲ್ಲುತ್ತದೆ.

‘ಸ್ಕ್ವೀಝ್’ ಬಳಸಿದ್ದೀರಾ ನೋಡಿ. ಬ್ಯಾಚ್ ಅಂದರೆ ಒಂದು ಸಲಕ್ಕೆ ಮಾಡೆಲ್‌ಗೆ ಕೊಡುವ ಗುಂಪು. 97 ಫೋಟೋ, ಬ್ಯಾಚ್‌ಗೆ 32 ಎಂದರೆ ಕೊನೆಯ ಬ್ಯಾಚ್‌ನಲ್ಲಿ ಒಂದೇ ಫೋಟೋ. ಸ್ಕ್ವೀಝ್ ಸಿಕ್ಕಿದ 1ಗಳನ್ನೆಲ್ಲ ತೆಗೆದುಹಾಕುತ್ತದೆ, ಬ್ಯಾಚ್‌ನ 1 ಕೂಡ ಹೋಗುತ್ತದೆ. ಯಾವ ದಿಕ್ಕು ಎಂದು ಹೇಳಿಯೇ ತೆಗೆಯಿರಿ.

ಎಲ್ಲವನ್ನೂ ಹೆಸರಿನಿಂದಲೇ ಕರೆಯುವ ದಾರಿ ಇಲ್ವಾ?

ಉಂಟು. ಎಕ್ಸ್‌ಅರೇ ಎಂಬ ಲೈಬ್ರರಿಯಲ್ಲಿ ದಿಕ್ಕುಗಳಿಗೆ ‘ತಾಲೂಕು’, ‘ದಿನ’ ಎಂದು ಹೆಸರಿಡಬಹುದು. ‘ಮಳೆ.ಮೀನ್("ದಿನ")’ ಎಂದರೆ ಸಾಕು. ಕಳೆಯುವಾಗಲೂ ಅದು ಹೆಸರು ನೋಡಿ ಹೊಂದಿಸುತ್ತದೆ. ನನ್ನ ಜುಲೈಯ ತಪ್ಪು ಅಲ್ಲಿ ಆಗುತ್ತಿರಲಿಲ್ಲ. ಹವಾಮಾನ, ಸಮುದ್ರದ ಡೇಟಾ ಮೇಲೆ ಕೆಲಸ ಮಾಡುವವರು ಇದನ್ನು ಕಲಿಯಲೇಬೇಕು ಎಂದು ನಾನು ಹೇಳುತ್ತೇನೆ.

ನಂಪೈಯಲ್ಲೇ ಇರುವವರು ಸಾಲಿನ ಪಕ್ಕ ಕಾಮೆಂಟ್ ಹಾಕಿ: ‘# (ತಾಲೂಕು, ತಿಂಗಳು)’. ಫಂಕ್ಷನ್ ಒಳಗೆ ಬಂದ ಕೂಡಲೇ ‘ಅಸರ್ಟ್ ಮಳೆ.ಶೇಪ್ == (7, 12)’ ಎಂದು ಬರೆಯಿರಿ. ಶೇಪ್ ಬೇರೆ ಇದ್ದರೆ ಕೋಡ್ ಅಲ್ಲೇ ನಿಲ್ಲುತ್ತದೆ.

ನನ್ನ ಕೋಡ್ ನಿಮಗೆ ಕಳಿಸುವಾಗ ಎಂತೆಲ್ಲ ಕಳಿಸಬೇಕು?

ಸ್ಕ್ರೀನ್ ಫೋಟೋ ಬೇಡ, ಅಕ್ಷರ ಕಳಿಸಿ. ಎರರ್‌ನ ಕೊನೆಯ ಸಾಲು, ಅದು ಬಂದ ಕೋಡಿನ ಸಾಲು, ಆ ಸಾಲಿನಲ್ಲಿರುವ ಪ್ರತಿ ಅರೇಯ ಶೇಪ್. ಪ್ರತಿ ಸಂಖ್ಯೆ ಏನನ್ನು ಎಣಿಸುತ್ತದೆ ಎಂದು ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ. ಹೋದ ಶನಿವಾರ ಒಬ್ಬಳು ಹುಡುಗಿ ಇದನ್ನೆಲ್ಲ ಬರೆಯುತ್ತಾ ಕೂತವಳು ಅರ್ಧದಲ್ಲೇ ಪೆನ್ ಕೆಳಗಿಟ್ಟು, “ಸಿಕ್ಕಿತು, ಇದು ತಿಂಗಳು ಅಲ್ಲ, ತಾಲೂಕು” ಎಂದಳು.